ಮಲ್ಲಪ್ಪ ಅಳೆದ ದೂರ

ಸಮುದ್ರದಲ್ಲಿ ಕ್ಯಾಪ್ಟನ್ನನ ಮಾತೇ ಕೊನೆಯ ಮಾತು. ನಮ್ಮ ಸಮುದ್ರವೋ, ದೊಡ್ಡನೆಕ್ಕುಂದಿಯ ನನ್ನ ಬಾಡಿಗೆ ಮನೆಯಲ್ಲಿ, ಟ್ಯಾಂಕರ್ ಬಾರದಿದ್ದರೆ ಮುಖ ತೊಳೆಯಲೂ ನೀರಿಲ್ಲದ ಎರಡನೇ ಮಹಡಿಯಲ್ಲಿತ್ತು. ಅಲ್ಲಿ, ಮಲ್ಲಪ್ಪ, ಕ್ಯಾಪ್ಟನ್ ನೀನೇ ಆದರೂ ನೀನು ಅಳೆದು ಹೇಳಿದ ದೂರವನ್ನು, ಕೋನವನ್ನು ನಾನು ಕದ್ದು ತಿದ್ದುತ್ತಿದ್ದೆ.

ನಮ್ಮಿಬ್ಬರದೂ ಒಂದೇ ಕಾರ್ಖಾನೆ — ನೀನು ಫೋರ್ಕ್‌ಲಿಫ್ಟ್ ಓಡಿಸುವವನು, ನಾನು ತಯಾರಾದ ಬಿಡಿಭಾಗಗಳ ಅಳತೆ ನೋಡುವವನು. ಭಾನುವಾರ ಮಧ್ಯಾಹ್ನ ಎರಡು ಕಂಪ್ಯೂಟರ್ ಜೋಡಿಸಿ ಜಲಾಂತರ್ಗಾಮಿ ಆಟ. ಪೆರಿಸ್ಕೋಪಿನಲ್ಲಿ ನೋಡಿ ಅಳತೆ ಕೂಗುವುದು ನಿನ್ನದು, ಅದನ್ನು ಒತ್ತಿ ಟಾರ್ಪಿಡೊ ಬಿಡುವುದು ನನ್ನದು. ಶತ್ರು ಹಡಗಿನ ನೀರಿನಂಚಿನಿಂದ ಕಂಬದ ತುದಿಯವರೆಗೆ ಗೆರೆ ಕೂಡಿಸಿದರೆ ದೂರ ಸಿಗುತ್ತದೆ; ಗೆರೆ ಗಿಡ್ಡವಾದಷ್ಟೂ ದೂರ ಹೆಚ್ಚು. ಅದರ ಮೂತಿ ನಮ್ಮಿಂದ ಎಷ್ಟು ತಿರುಗಿದೆ ಎನ್ನುವುದು ಕೋನ. ನೀನು ಪರದೆಯ ಮುಂದೆಯೂ ಎಡಗಣ್ಣು ಮುಚ್ಚಿ, ಬಲಗಣ್ಣೊಂದರಿಂದಲೇ ನೋಡುವವನು. ಎರಡು ಕಣ್ಣು ಹಚ್ಚಿದ ಕ್ಯಾಪ್ಟನ್ನನನ್ನು ಎಲ್ಲಾದರೂ ನೋಡಿದ್ದೀಯೇನು ಎಂದು ನನಗೇ ಸವಾಲು. ನಾನು ಯಾವ ಕ್ಯಾಪ್ಟನ್ನನನ್ನೂ ನೋಡಿರಲಿಲ್ಲ.

ಮೊದಮೊದಲು ನಿನ್ನ ಅಳತೆಗೆ ಹಡಗು ಮುಳುಗುತ್ತಿತ್ತು. ಆಮೇಲೆ ನಿನ್ನ ಗೆರೆ ಕಂಬದ ತುದಿ ಮುಟ್ಟದೆ ಹೊಗೆಕೊಳವೆಯಲ್ಲೇ ನಿಲ್ಲತೊಡಗಿತು. ಸಾವಿರ ಮೀಟರಿನ ಹಡಗು ನಿನಗೆ ಎರಡು ಸಾವಿರ. ಮೂತಿ ಯಾವುದು, ಬಾಲ ಯಾವುದು ಎನ್ನುವುದೂ ಊಹೆ. ಅದೇ ನೋಟ ತೋರುವ ನನ್ನ ಪರದೆಯಲ್ಲಿ ಮಾತ್ರ ಕಂಬ ಸೂಜಿಯಂತೆ ಚೂಪಾಗಿ ಕಾಣುತ್ತಿತ್ತು. ನಿನ್ನ ತಪ್ಪಿಗೆ ಒಮ್ಮೆ ನಕ್ಕೆ — ಕೆಲವು ಭಾನುವಾರ ನೀನು ಬರಲೇ ಇಲ್ಲ. ನನ್ನ ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಭಾನುವಾರ ಅನ್ನುವುದು — ಇರಲಿ. ನೀನು ಮರಳಿ ಬಂದ ಮೇಲೆ, ನೀನು ಕೂಗಿದ ಅಂಕಿಯನ್ನು ಗಟ್ಟಿಯಾಗಿ ಒಪ್ಪಿ ಬೇರೆಯದನ್ನೇ ಒತ್ತುತ್ತಿದ್ದೆ. ಕೂದಲೆಳೆ ಹೆಚ್ಚಾದರೂ ಬಿಡಿಭಾಗವನ್ನು ವಾಪಸ್ ಕಳಿಸುವ ಮನುಷ್ಯ ನಾನು.

ಒಂದು ದಿನ ನೀನೇ ಕೇಳಿದೆ. "ಯಾಕೋ ಮಂಜ್ ಮಂಜ್ ಕಾಣ್ತದ. ಸಕ್ರಿ ಬ್ಯಾರೆ ಅದ ನನಗ. ಕಣ್ಣ ತೋರಸ್ಲೇನು? ಖರೇ ಹೇಳು, ನನ್ನ ಅಳತಿ ಬರೊಬ್ಬರಿ ಅದಾವೋ ಇಲ್ಲೋ?"

"ಪಕ್ಕಾ ಇದೆ ಗುರು. ಮುಂದಿನ ಹಡಗು ನೋಡು."

ನೀನು ನೋಡಿದೆ, ಎರಡು ಸಾವಿರ ಎಂದೆ. ನಾನು ಸಾವಿರ ಒತ್ತಿದೆ. ಹಡಗು ಮುಳುಗಿತು, ನೀನು ಆಸ್ಪತ್ರೆಗೆ ಹೋಗುವ ಮಾತೂ.

ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಬಲಗಣ್ಣಿನ ಕೊರತೆಯನ್ನು ಮುಚ್ಚುತ್ತಿತ್ತು — ನಿನ್ನ ಮನೆಯವರಿಗೆ, ಸೂಪರ್‌ವೈಸರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆ ಬಲಗಣ್ಣೊಂದನ್ನೇ ವಾರವಾರವೂ ಪರೀಕ್ಷಿಸುತ್ತಿದ್ದವನು ಲೋಕದಲ್ಲಿ ಒಬ್ಬನೇ. ಅವನು ಫಲಿತಾಂಶ ತಿದ್ದುತ್ತಿದ್ದ.

ನೀನು ಫೋರ್ಕ್‌ಲಿಫ್ಟನ್ನು ಗೋದಾಮಿನ ಕಂಬಕ್ಕೆ ಗುದ್ದಿದ ಮೇಲೆ ತಪಾಸಣೆಗೆ ಕಳಿಸಿದರು. ಜೊತೆಗೆ ನಾನೇ ಬಂದೆ. ಸಕ್ಕರೆ ಕಾಯಿಲೆಯಿಂದ ಬಲಗಣ್ಣಿನ ಒಳಪರದೆಯಲ್ಲಿ ರಕ್ತ ಸೋರಿದೆ, ಕೆಲವು ತಿಂಗಳು ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. "ಮೊದ್ಲ ಹ್ಯಾಂಗ ಗೊತ್ತಾಗಬೇಕ್ರೀ?" ಎಂದು ನೀನು ಅವರನ್ನು ಕೇಳಿದೆ. ನಾನು ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಓದುತ್ತಾ ಕೂತಿದ್ದೆ — ಕೊನೆಯ ಸಾಲಿನವರೆಗೂ.

ನನಗೆ ಗೊತ್ತಿತ್ತು, ಮಲ್ಲಪ್ಪ. ಕಾಯಿಲೆಯೆಂದಲ್ಲ — ನಿನಗೆ ಕಾಣುತ್ತಿಲ್ಲವೆಂದು. ಅಷ್ಟು ಹೇಳಿದ್ದರೆ ಸಾಕಿತ್ತು. ಬರೆದಿಟ್ಟ ಇದನ್ನು ನಿನ್ನೆದುರು ಕೂತು ಓದುತ್ತೇನೆ, ಏನನ್ನೂ ತಿದ್ದದೆ.

ನಿನ್ನ ಬಲಗಣ್ಣಿಗೆ ಈಗ ಕಿಟಕಿಯ ಬೆಳಕು ಮಾತ್ರ ತಿಳಿಯುತ್ತದೆ. ಎಡಗಣ್ಣಿಗೆ ಚಿಕಿತ್ಸೆ ನಡೆದಿದೆ. ಕಾರ್ಖಾನೆಯವರು ನಿನ್ನನ್ನು ಗೇಟಿನ ಕೆಲಸಕ್ಕೆ ಹಾಕಿದ್ದಾರೆ.