ಡಾಕ್ಟರರು ಹೇಳಿದ ಇನ್ನರ್ಧ

ಗೌರಕ್ಕಾ, ಧಾರವಾಡದ ಡಾಕ್ಟರರು ನಿಮಗೆ ಮತ್ತೆ ಬರಬೇಡಿ ಎಂದಿರಲಿಲ್ಲ. ಆ ಸುಳ್ಳು ನನ್ನದು.

ಎಪ್ಪತ್ತೈದನೇ ಇಸವಿಯ ಆಸುಪಾಸು. ನಾನು ಸುರೇಬಾನದ ಈ ಮನೆಯ ಕಿರಿಸೊಸೆ, ನೀವು ಹಿರಿಸೊಸೆ. ನನ್ನ ಮಗಳಿನ್ನೂ ಹಾಲುಗೂಸು. ಅಂಬೆಗಾಲಿಕ್ಕುತ್ತಿದ್ದ ನಿಮ್ಮ ಮಗ ಜ್ವರದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ಮಧ್ಯಾಹ್ನ ಅಡುಗೆಮನೆಯಲ್ಲಿ, ನಿಮಗೆ ಕೇಳುವಂತೆಯೇ ಅಂದುಬಿಟ್ಟೆ — "ತಾಯಿ ಎಚ್ಚರಿದ್ದಿದ್ರ ಕೂಸು ಉಳೀತಿತ್ತು." ಯಾಕೆ ಅಂದೆನೋ... ನೀವು ತಿರುಗಿ ನೋಡಿದಿರಿ, ಅಷ್ಟೆ. ಆಮೇಲೆ ಊಟ ಬಿಟ್ಟಿರಿ, ಮಾತು ಬಿಟ್ಟಿರಿ.

ಭಾವನವರು ನಿಮ್ಮನ್ನು ಧಾರವಾಡದ ಮನಸ್ಸಿನ ಡಾಕ್ಟರರ ಹತ್ತಿರ ಕರೆದೊಯ್ದಾಗ ನಾನೂ ಬಂದಿದ್ದೆ. ಅವರು ಗುಳಿಗೆ ತರಲು ಹೋದ ಹೊತ್ತಿನಲ್ಲಿ ಡಾಕ್ಟರರು ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದರು: "ದಿನಾ ಮುಂಜಾನೆ ನಡಸ್ರಿ, ಬೆವರು ಬರೂ ಹಂಗ. ಅದು ಅರ್ಧಾ ಔಷಧ. ಇನ್ನರ್ಧಾ ಮಾತು. ವಾರಕ್ಕೊಮ್ಮೆ ಕರಕೊಂಡ ಬರ್ರಿ, ಮನಸಿನಾಗಿದ್ದದ್ದು ಹೇಳಲಿ. ಎರಡೂ ಕೂಡೇ ಆಗಬೇಕು."

ಮನಸ್ಸಿನಲ್ಲಿದ್ದದ್ದು — ಅಂದರೆ ನಾನಾಡಿದ ಮಾತು. ಅದು ಹೊರಬಿದ್ದೀತೆಂದು ಹೆದರಿ, ಬಸ್ಸಿನಲ್ಲಿ ಭಾವನವರಿಗೆ ಅರ್ಧವನ್ನಷ್ಟೇ ಹೇಳಿದೆ: "ದಿನಾ ನಡದ್ರ ಸಾಕಂತ್ರಿ. ಮತ್ತ ಬರೂದು ಬ್ಯಾಡಂತ್ರಿ."

ಆ ಅರ್ಧವನ್ನು ಮಾತ್ರ ಚೆನ್ನಾಗಿಯೇ ಮಾಡಿದೆ — ಇದನ್ನು ಇಂದಿಗೂ ಧೈರ್ಯವಾಗಿ ಹೇಳುತ್ತೇನೆ. ರಾಮದುರ್ಗದ ರಸ್ತೆಯಲ್ಲಿ ನಿಮ್ಮ ಕೈ ಹಿಡಿದು ಸರಸರ ನಡೆಸಿದೆ; ಹಿತ್ತಲಲ್ಲಿ ಸೆರಗು ಸಿಕ್ಕಿಸಿ ಸೂರ್ಯನಮಸ್ಕಾರ ಹಾಕಿಸಿದೆ. ನಿಮಗೆ ಹಸಿವು ಬಂತು, ನಿದ್ದೆ ಬಂತು. ಓಣಿಯವರು ನನ್ನನ್ನು ಹೊಗಳಿದರು, ನಾನು ಹೊಗಳಿಸಿಕೊಂಡೆ. ಆದರೆ ನನ್ನ ಮಗಳನ್ನು ನೀವು ಮುಟ್ಟುತ್ತಿರಲಿಲ್ಲ...

ವರ್ಷ ಕಳೆದಿತ್ತು. ಒಂದು ಮುಂಜಾನೆ ನಡೆಯುತ್ತ ನಡೆಯುತ್ತ ನಿಂತುಬಿಟ್ಟಿರಿ. "ಶಾಂತಾ, ಕಾಲು ಗಟ್ಟಿ ಆದ್ವು. ಎದ್ಯಾಗ ಒಂದ ಮಾತು ಕುಂತೈತಿ — ಏಳವಲ್ದು."

ಯಾರ ಮಾತೆಂದು ನೀವು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನವೇ "ಡಾಕ್ಟರರು ಬರಹೇಳ್ಯಾರ" ಎಂದು ಇನ್ನೊಂದು ಸುಳ್ಳು ಹೇಳಿ — ಅಲ್ಲ, ಅದು ತಡವಾಗಿ ಹೇಳಿದ ನಿಜ — ನಿಮ್ಮನ್ನು ಧಾರವಾಡದ ಬಸ್ಸು ಹತ್ತಿಸಿದೆ.

ಡಾಕ್ಟರರ ಕೋಣೆಯಲ್ಲಿ ಏನು ಹೇಳಿದಿರೋ ನನಗೆ ಗೊತ್ತಿಲ್ಲ. ನೀವು ನಡಿಗೆಯನ್ನೂ ಬಿಡಲಿಲ್ಲ, ಅಲ್ಲಿಗೆ ಹೋಗುವುದನ್ನೂ ಬಿಡಲಿಲ್ಲ. ಸುಗ್ಗಿಯ ಹೊತ್ತಿಗೆ ಒಂದು ದಿನ ನೀವಾಗಿಯೇ ನನ್ನ ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಿರಿ. ಅಳುತ್ತಿದ್ದಿರಿ, ನಗುತ್ತಲೂ ಇದ್ದಿರಿ.

"ಡಾಕ್ಟರರು ಮೊದಲ ಕರದಿದ್ರ ಒಂದ ವರ್ಷ ನರಳೂದು ತಪ್ಪತಿತ್ತು" ಎಂದು ಈಗಲೂ ಅನ್ನುತ್ತೀರಿ. ಅವರು ಮೊದಲ ದಿನವೇ ಕರೆದಿದ್ದರು, ಅಕ್ಕಾ. ಆ ವರ್ಷವನ್ನು ನಿಮ್ಮಿಂದ ಕಸಿದವಳು ನಾನು.

ಈ ಕಾಗದವನ್ನು ನಿಮ್ಮ ಮುಂದೆ, ಭಾವನವರ ಮುಂದೆ, ನಾನೇ ಓದುತ್ತೇನೆ. ಓದಿ ಎದ್ದು ಹೋಗುವುದಿಲ್ಲ.