ಕೆಂಡಣ್ಣನ ಬೆಂಚಿನ ಪುಸ್ತಕಗಳು

ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದ ಆ ಕ್ಷೌರಿಕನನ್ನು ಬೀದಿಯವರೆಲ್ಲ ಕೆಂಡಣ್ಣ ಎನ್ನುತ್ತಿದ್ದರು. ಕತ್ತಿ ಹಿಡಿದವನಿಗೆ ಇಂಥ ಹೆಸರಿದ್ದರೆ ಗಿರಾಕಿಗಳು ಹೆದರಬೇಕು. ಯಾರೂ ಹೆದರುತ್ತಿರಲಿಲ್ಲ. ಬಾಯಿ ಎಷ್ಟು ಸಿಡಿದರೂ ಅವನ ಕೈ ಅಲುಗುತ್ತಿರಲಿಲ್ಲ.

ಅಂಗಡಿ ಅಪ್ಪನದು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ, ಎದುರಿಗೆ ಕಾಯುವವರ ಬೆಂಚು. ಬಾಗಿಲ ಕಡೆಯ ಕುರ್ಚಿ ಅವನದು, ಒಳಗಿನದು ತಮ್ಮನದು. ಅಪ್ಪ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಕತ್ತರಿ ಹಿಡಿದವನು ಕೆಂಡಣ್ಣ; ಓದಿನ ಹಸಿವು ಮಾತ್ರ ಅವನನ್ನು ಬಿಡಲಿಲ್ಲ. ಮನೆ ಖಾಲಿ ಮಾಡುವವರು ಯಾರೇ ಸಿಗಲಿ, "ಪುಸ್ತಕ ಇದ್ರೆ ಬಿಸಾಕ್ಬೇಡಿ, ನಂಗೆ ಕೊಡಿ" ಎನ್ನುತ್ತಿದ್ದ. ಹಾಗೆ ಬೆಂಚಿನ ಮೇಲಿನ ಹಲಗೆ ತುಂಬಿತು. ದಿಂಬಿನಷ್ಟು ದಪ್ಪದ ಇತಿಹಾಸಗಳಿದ್ದವು. ಹೊಟ್ಟೆಯ ಹುಳುವಿನಿಂದ ಹಿಡಿದು ಗ್ರಹಣದವರೆಗೆ ಎಲ್ಲವನ್ನೂ ಬಿಡಿಸಿ ಹೇಳುವ ವಿಜ್ಞಾನದ ಪುಸ್ತಕಗಳಿದ್ದವು. ಎತ್ತರ ಕಂಡರೆ ತಲೆಸುತ್ತು ಬರುವ ಕ್ಯಾಪ್ಟನ್ ಒಬ್ಬ ರಾಕೆಟ್ ಓಡಿಸುವ ನಗೆಕಥೆಗಳದ್ದಂತೂ ಒಂದು ಸಾಲೇ ಇತ್ತು. ಅವನ್ನು ಕುರ್ಚಿಯಲ್ಲಿ ಕೂತು ಓದಕೂಡದೆಂದು ಕೆಂಡಣ್ಣನ ಕಟ್ಟಪ್ಪಣೆ. ಒಮ್ಮೆ ಬೇಕರಿಯವನು, ಗದ್ದಕ್ಕೆ ಕತ್ತಿ ಇಟ್ಟ ಹೊತ್ತಿಗೇ ಕಿಸಕ್ಕನೆ ನಕ್ಕು ಕೊಯ್ಯಿಸಿಕೊಂಡಿದ್ದ.

"ರಕ್ತ ನಿಂದು, ಕೆಡೋ ಹೆಸರು ನಂದು!" ಎಂದು ಅವತ್ತು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ.

ಬಾಡಿಗೆ ಸಿಗದ ದಿನವಿಡೀ ಬೆಂಚು ಬಿಡದವನೆಂದರೆ ಒಬ್ಬ ಲಾರಿ ಡ್ರೈವರ್. ಹುಡುಕಿದರೂ ತಲೆಯಲ್ಲೊಂದು ಕೂದಲಿಲ್ಲ. ಗಡ್ಡದ ನೆಪ ಹೇಳಿ ಬಂದು, ಹಳೆಯ ಮುತ್ತಿಗೆಯೊಂದರ ಇತಿಹಾಸ ತೆರೆದು ಕೂರುತ್ತಿದ್ದ. ಸರದಿ ಬಂದರೆ, "ನಂಗೇನೂ ಅವಸರ ಇಲ್ಲ, ಮೊದ್ಲು ಅವರಿಗೆ ಮಾಡು" ಎಂದು ಇನ್ನೊಬ್ಬರನ್ನು ಮುಂದೆ ತಳ್ಳುತ್ತಿದ್ದ.

ಬಾಣಂತನಕ್ಕೆಂದು ಕೆಂಡಣ್ಣ ಹೆಂಡತಿಯನ್ನು ಕರೆದುಕೊಂಡು ಮಗಳ ಊರಿಗೆ ಹೋದ. ಮೊಮ್ಮಗಳ ಮುಖ ನೋಡಿ, ಹೆಂಡತಿಯನ್ನು ಅಲ್ಲೇ ಬಿಟ್ಟು ಬಂದು ಅಂಗಡಿಯ ಬಾಗಿಲು ತಳ್ಳಿದರೆ, ಹಲಗೆಯ ಜಾಗದಲ್ಲಿ ಟಿವಿ ಕಿರುಚುತ್ತಿತ್ತು.

"ಪುಸ್ತಕ ಎಲ್ಲೋ?"

"ಗುಜರಿಗೆ ಹಾಕ್ದೆ ಕಣಣ್ಣ," ಎಂದ ತಮ್ಮ, ಬಾಚಣಿಗೆ ತೊಳೆಯುತ್ತ. "ಬರೀ ಧೂಳು. ಈಗೆಲ್ಲ ಯಾರು ಮುಟ್ತಾರೆ?"

"ನನ್ನ ಒಂದು ಮಾತು ಕೇಳೋಕೇನಾಗಿತ್ತು?"

"ಕೇಳಿದ್ರೆ ಬೇಡ ಅಂತಿದ್ದೆ."

ಉರಿಯುವ ಬೆಂಕಿಗೆ ತುಪ್ಪ ಬಿತ್ತು. "ಅಂದ್ರೆ ನಾನು ಬೆನ್ನು ತಿರುಗಿಸೋದನ್ನೇ ಕಾಯ್ತಾ ಇದ್ದೆ ಅನ್ನು!" ಕೆಂಡಣ್ಣ ಟಿವಿಯ ವೈರು ಕಿತ್ತೆಸೆದು ಹೊರಗೆ ಬಂದ. ಮೆಟ್ಟಿಲ ಮೇಲೆ ಡ್ರೈವರ್ ನಿಂತಿದ್ದ, ಅವನ ಮುಖವೂ ಕೆಂಪಾಗಿತ್ತು.

"ಕೋಟೆಯೊಳಗೆ ನೀರು ಮುಗೀತಾ ಬಂದಿತ್ತಪ್ಪ! ಆಮೇಲೇನಾಯ್ತು? ನೀನು ಓದಿದೀಯಲ್ಲ, ಹೇಳು."

"ಹೇಳಲ್ಲ. ಓದೇ ತಿಳ್ಕೋ. ನಡಿ, ಹುಡುಕೋಣ."

ಗುಜರಿಯವನು ತಕ್ಕಡಿಯ ಪಕ್ಕ ಕೂತು ರಾಕೆಟ್ಟಿನ ಕಥೆ ಓದಿ ನಗುತ್ತಿದ್ದ. ಅವನ್ನೆಲ್ಲ ತನಗೆಂದೇ ಎತ್ತಿಟ್ಟುಕೊಂಡಿದ್ದನಂತೆ. ಕೆಂಡಣ್ಣನ ಕಣ್ಣು ನೋಡಿದವನೇ ಹಿಂದಕ್ಕೆ ಕೊಟ್ಟ. ವಿಜ್ಞಾನದವು ಅರ್ಧಕ್ಕರ್ಧ ಸಿಕ್ಕವು. ಇತಿಹಾಸಗಳ ರಟ್ಟು ಕಿತ್ತು, ಹಾಳೆಗಳನ್ನು ಒತ್ತಿ ಮೂಟೆ ಕಟ್ಟಿಯಾಗಿತ್ತು. ಇಬ್ಬರೂ ಮಂಡಿಯೂರಿ ಒಂದೊಂದೇ ಮೂಟೆ ಬಿಚ್ಚಿದರು. ಮುತ್ತಿಗೆಯ ಪುಸ್ತಕ ಸಿಕ್ಕಿತು, ಕೊನೆಯ ಅಧ್ಯಾಯಗಳಿರಲಿಲ್ಲ. ಡ್ರೈವರ್ ಹರಿದ ಅಂಚನ್ನು ಬೆರಳಿನಿಂದ ಸವರುತ್ತ ಕೂತ.

"ಕೋಟೆ ಬಿತ್ತು," ಎಂದ ಕೆಂಡಣ್ಣ ಹಲ್ಲು ಕಚ್ಚಿ. "ಹೊರಗಿನವರಿಂದಲ್ಲ. ಒಳಗಿನವರೇ ಬಾಗಿಲು ತೆಗೆದ್ರು."

ಅಲ್ಲಿಂದ ನೇರ ಅಂಗಡಿಗೆ ಬಂದು ಸ್ಪ್ಯಾನರ್ ಹಿಡಿದು ತನ್ನ ಕುರ್ಚಿಯ ಬೋಲ್ಟುಗಳನ್ನು ಬಿಚ್ಚತೊಡಗಿದ. ಅರ್ಧ ಸೋಪು ಹಚ್ಚಿಸಿಕೊಂಡಿದ್ದ ತಮ್ಮನ ಗಿರಾಕಿ ಕಣ್ಣು ಪಿಳಿಪಿಳಿ ಬಿಟ್ಟ.

"ಕನ್ನಡಿ ನೀನೇ ಇಟ್ಕೋ," ಎಂದು ತಮ್ಮನಿಗೆ ಹೇಳಿ, ಕುರ್ಚಿಯನ್ನೂ ಬೆಂಚನ್ನೂ ಡ್ರೈವರನ ಲಾರಿಗೆ ಹೇರಿಸಿ ಹೊರಟೇಬಿಟ್ಟ.

ಹಿಂದಿನ ಬೀದಿಯಲ್ಲಿ ಹಳೆಯ ಇಸ್ತ್ರಿ ಅಂಗಡಿಯೊಂದು ಖಾಲಿಯಿತ್ತು. ಅಲ್ಲೇ ಕುರ್ಚಿ ಕೂರಿಸಿ, ಉಳಿದ ಪುಸ್ತಕಗಳಿಗೆ ಹಲಗೆ ಹೊಡೆದ. ಊರಿಂದ ಬಂದ ಹೆಂಡತಿ ಹಣೆ ಚಚ್ಚಿಕೊಂಡಳು. "ಪುಸ್ತಕಕ್ಕೋಸ್ಕರ ಒಡಹುಟ್ಟಿದವನನ್ನ ಬಿಡ್ತೀರಾ?"

"ಪುಸ್ತಕಕ್ಕಲ್ಲ ಕಣೇ. ಬೇಡ ಅಂತೀನಿ ಅಂತ ಗೊತ್ತಿದ್ದೂ ಮಾಡಿದ್ನಲ್ಲ, ಅದಕ್ಕೆ."

ತಮ್ಮನ ಅಂಗಡಿ ಕಿಕ್ಕಿರಿಯಿತು. ಇತ್ತ ನಾಲ್ಕು ಹಳೆಯ ಗಿರಾಕಿಗಳು. ಖಾಲಿ ಹೊತ್ತಿನಲ್ಲಿ ಕೆಂಡಣ್ಣ ಸುಮ್ಮನೆ ಕತ್ತಿ ಮಸೆಯುತ್ತಿದ್ದ. ಟಿವಿಯ ಸದ್ದು ಗೋಡೆ ದಾಟಿ ಬಂದರೆ ಮಸೆತ ಜೋರಾಗುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಬಂದು ನಿಂತ. ಕಿವಿ ಮುಚ್ಚುವಷ್ಟು ಕೂದಲು; ಕೆಂಡಣ್ಣನದೂ ಅಷ್ಟೇ ಬೆಳೆದಿತ್ತು. ಮೀಸೆ ಚಿಗುರಿದಾಗಿನಿಂದ ಅವನ ಕೂದಲು ಇವನು, ಇವನ ಕೂದಲು ಅವನು ಕತ್ತರಿಸಿದ್ದು. ಇನ್ನೊಬ್ಬ ಕ್ಷೌರಿಕನ ಮುಂದೆ ಕೂರಲು ಇಬ್ಬರಿಗೂ ಮನಸ್ಸೊಪ್ಪಿರಲಿಲ್ಲ.

"ಅಣ್ಣ, ಸ್ವಲ್ಪ..."

"ಬೆಂಚಲ್ಲಿ ಕೂತ್ಕೋ. ಸರದಿ ಬರ್ಲಿ."

"ಯಾರೂ ಇಲ್ವಲ್ಲ?"

"ಕೂತ್ಕೋ ಅಂದೆ."

ತಮ್ಮ ಕೂತ. ಹೊತ್ತು ಹೋಗದೆ ಗ್ರಹಣದ ಪುಸ್ತಕ ತೆಗೆದು ಚಿತ್ರ ನೋಡಿದ. ಸಾಕಷ್ಟು ಕಾಯಿಸಿದ ಮೇಲೆ ಕೆಂಡಣ್ಣ ಅವನ ಕೊರಳಿಗೆ ಬಟ್ಟೆ ಕಟ್ಟಿದ.

"ಟಿವಿ ತೆಗೀತೀಯಾ?"

"ಇಲ್ಲಣ್ಣ."

"ತಪ್ಪಾಯ್ತು ಅಂತಾದ್ರೂ ಅನ್ನು."

ತಮ್ಮ ಅದನ್ನೂ ಅನ್ನಲಿಲ್ಲ. "ತಲೆ ಬಗ್ಗಿಸು," ಎಂದು ಕೆಂಡಣ್ಣ ಕತ್ತರಿ ಎತ್ತಿದ. ಸಿಟ್ಟೇನೂ ಇಳಿದಿರಲಿಲ್ಲ, ಇಂದಿಗೂ ಇಳಿದಿಲ್ಲ. ಆದರೂ ಕೆಲಸ ಅಚ್ಚುಕಟ್ಟಾಗಿ ಮುಗಿಸಿ, ಬಟ್ಟೆ ಒದರಿ, ತಾನೇ ಆ ಕುರ್ಚಿಯಲ್ಲಿ ಕೂತು ಕತ್ತರಿಯನ್ನು ತಮ್ಮನ ಕೈಗಿಟ್ಟ.