ಮಗು ಅಳದಂತೆ ಕಾದ ವರ್ಷ

ನಮ್ಮತ್ತೆ ಕೆಟ್ಟವರಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ನಾನು ಬೈಯೋದೆಲ್ಲ ಅವರನ್ನೇ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಚೊಚ್ಚಲ ಬಾಣಂತನ ಮುಗಿಸಿ ಹಂದನಕೆರೆ ಕಡೆಯ ತವರಿಂದ ಮಾಯಸಂದ್ರದ ಹತ್ತಿರದ ಗಂಡನ ಮನೆಗೆ ಬಂದಿದ್ದೆ. ಡೈರಿಗೆ ಹಾಲು ಹಾಕೋ ಮನೆಯವರಿಗೆಲ್ಲ ಆಗ ಸರ್ಕಾರದ ವಿಮೆ ಕಾರ್ಡು ಮಾಡಿಸ್ತಿದ್ದರು. ಕಾರ್ಡಿದ್ದರೆ ಆಪರೇಷನ್ ಪುಕ್ಕಟೆ. ಫೋಟೋದವನು ಡೈರಿ ಜಗಲಿ ಮೇಲೆ ಬಿಳಿ ಪಂಚೆಯೊಂದನ್ನ ಪರದೆ ಕಟ್ಟಿಕೊಂಡು ಕೂತಿದ್ದ. ನಾನು ಮಗನನ್ನ ಎತ್ತಿಕೊಂಡು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮನೆದೇವ್ರಿಗೆ ಮುಡಿ ಕೊಡದೆ ಮಗೂನ ಫೋಟೋ ಹಿಡಿಸ್ತಾರೇನೇ? ದೃಷ್ಟಿಯಾಗಿ ಆಯಸ್ಸು ಕಮ್ಮಿಯಾಗ್ತದೆ ಕಣೇ."

ಅವರು ಹೆತ್ತ ಎರಡು ಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಆ ಭಯ ಅವರಿಗೆ. ನಮ್ಮ ಯಜಮಾನರೋ, ಎಂದಿನಂತೆ ಟವೆಲ್ ಕೊಡವಿಕೊಂಡು ತೋಟದ ಕಡೆ ನಡೆದರು. ಕಾರ್ಡಿಗೆ ದೊಡ್ಡವರು ಮಾತ್ರ ಸೇರಿದೆವು.

ಅದಾಗಿ ಸ್ವಲ್ಪ ದಿನಕ್ಕೇ ಮಗನ ತೊಡೆಸಂದಿಯಲ್ಲಿ ಗಂಟು ಕಾಣಿಸಿತು. ಅತ್ತರೆ ಉಬ್ಬೋದು, ಸುಮ್ಮನಾದರೆ ಒಳಗೆ ಹೋಗೋದು. ತಿಪಟೂರಿನ ಡಾಕ್ಟರು ಹರ್ನಿಯಾ ಅಂದರು. "ಬೇಗ ಆಪರೇಷನ್ ಮಾಡಿಸಿ. ಅಲ್ಲೀವರೆಗೂ ಜೋರಾಗಿ ಅಳೋಕೆ ಬಿಡಬೇಡಿ. ಕರುಳು ಸಿಕ್ಕಿಕೊಂಡ್ರೆ ಜೀವಕ್ಕೇ ಅಪಾಯ." ನಮ್ಮ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಅಷ್ಟು ಚಿಕ್ಕ ಮಗುವಿಗೆ ಮತ್ತಿನ ಇಂಜೆಕ್ಷನ್ ಕೊಡೋ ಡಾಕ್ಟರಿರಲಿಲ್ಲ. ತುಮಕೂರಿನ ಪ್ರೈವೇಟ್ ಆಸ್ಪತ್ರೆಗೇ ಹೋಗಬೇಕು, ಕಾರ್ಡಿಲ್ಲದೆ ಅದು ನಮ್ಮ ಕೈಲಾಗದ್ದು.

ಡೈರಿ ಸೆಕ್ರೆಟ್ರಿ ಹತ್ತಿರ ಓಡಿದೆ. "ಮೊಲೆ ಕುಡಿಯೋ ಕೂಸು ಕಣಣ್ಣ, ತಾಯಿ ಕಾರ್ಡಲ್ಲೇ ಬರಲ್ವಾ?"

"ಬರಲ್ಲ ಕಣಮ್ಮ. ತಲೆಗೊಂದು ಫೋಟೋ ಇರಬೇಕು ಅಂತ ರೂಲ್ಸು. ಇನ್ನು ಬರೋ ವರ್ಷವೇ ಸೇರಿಸೋದು."

ಆ ರೂಲ್ಸಿಗಿಷ್ಟು ಬೆಂಕಿ ಬೀಳ! ಹೊಟ್ಟೇಲಿದ್ದಾಗ ಇಬ್ಬರೂ ಒಂದೇ, ಹೊರಗೆ ಬಂದಮೇಲೆ ಅವನು ಯಾರೋ ನಾನು ಯಾರೋ.

ಆ ವರ್ಷ ಹೇಗೆ ಕಳೆದೆವೋ. ಅವನು ಬಾಯಿ ಸೊಟ್ಟ ಮಾಡಿದ ಕೂಡಲೇ ಎತ್ತಿಕೊಳ್ಳಬೇಕು. ಒಲೆ ಮೇಲೆ ಸಾರು ಸೀದರೂ ಸರಿ, ಹಸು ತಪ್ಪಲೆ ಒದ್ದರೂ ಸರಿ. ತಲೆಗೆ ನೀರು ಹಾಕಿಕೊಂಡಿದ್ದರೆ ಒದ್ದೆ ಸೀರೇಲೇ ಓಡಿ ಬರಬೇಕು. ನೆಟ್ಟಗೆ ಕೂತು ಒಂದು ಮುದ್ದೆ ಉಂಡ ನೆನಪಿಲ್ಲ ನನಗೆ. ಅತ್ತೆ, ಪಾಪ, ಕೊಬ್ಬರಿ ಅಟ್ಟದ ಕೆಳಗೆ ಅವನನ್ನ ಹೆಗಲಿಗೆ ಹಾಕಿಕೊಂಡು ತಿರುಗಿ ತಿರುಗಿ ಸೊಂಟ ಹಿಡಿಸಿಕೊಂಡರು. ನಮಗೆ ಜಗಳ ಆಡೋಕೂ ತ್ರಾಣವಿರಲಿಲ್ಲ. ಆಡಿದರೂ ಪಿಸುಮಾತಲ್ಲೇ ಆಡಬೇಕಿತ್ತು, ಅವನು ಬೆಚ್ಚಿ ಅಳ್ತಾನಲ್ಲ.

ಮುಂದಿನ ವರ್ಷ ಫೋಟೋದವನು ಮತ್ತೆ ಬಂದ. ದಾಯಾದಿಗಳಲ್ಲಿ ಸಾವಾಗಿದ್ದರಿಂದ ಮುಡಿ ಕೊಡೋದು ಮುಂದಕ್ಕೆ ಹೋಗಿತ್ತು. ಈ ಸಲ ಬಿಡಬಾರದು ಅಂತ ಸೆರಗು ಸಿಕ್ಕಿಸಿ ನಿಂತೆ. ಅತ್ತೆ ಜಗಳಕ್ಕೇ ಬರಲಿಲ್ಲ. ಅವನ ಕೆನ್ನೆಗೊಂದು ಕಾಡಿಗೆ ಬೊಟ್ಟಿಟ್ಟು, ಕಣ್ಣಿಗೆ ಬೀಳ್ತಿದ್ದ ಕೂದಲು ಸರಿಸಿ, ತಾವೇ ಎತ್ತಿಕೊಂಡು ಡೈರಿ ಕಡೆ ನಡೆದರು. "ದೇವ್ರಿಗೆ ನಾನು ಹೇಳ್ಕೊತೀನಿ ಬುಡು," ಅಂದರು.

ತುಮಕೂರಲ್ಲಿ ಆಪರೇಷನ್ ಆಯ್ತು. ವಾರ್ಡಿಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ಕಿಟಾರನೆ ಕಿರುಚಿದ. ನಾನೂ ಅತ್ತೇನೂ ಒಟ್ಟಿಗೇ ಎದ್ದು ಓಡಿದೆವು.

"ಅಳ್ಲಿ ಬುಡ್ರಮ್ಮ, ಇನ್ನೇನೂ ಆಗಲ್ಲ," ಅಂತ ನರ್ಸು ಗದರಿದಳು.

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಅವರ ಪಕ್ಕ ನಾನೂ ಕೂತೆ. ಅವನು ಅಳ್ತಾನೇ ಇದ್ದ. ನಾವಿಬ್ಬರೂ ಏಳಲಿಲ್ಲ.